ಬೈಂಡರಕ್ಕ ಹೊಲಿದ ಮೂರು ಫಾರಂ

ಪುಸ್ತಕವನ್ನು ಯಾರು ಎಷ್ಟು ಓದಿದ್ದಾರೆ ಎಂದು ತಿಳಿಯಲು ಬೈಂಡರಕ್ಕನಿಗೆ ಅವರ ಬಾಯಿ ಬೇಕಿರಲಿಲ್ಲ. ಪುಸ್ತಕದ ಬೆನ್ನು ಸಾಕಿತ್ತು. ಓದಿದ ಭಾಗದಲ್ಲಿ ಬೆನ್ನು ಸಡಿಲವಾಗಿರುತ್ತದೆ, ಅಂಟು ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ, ಹಾಳೆಯ ಅಂಚು ಬೆರಳು ತಾಗಿ ತಾಗಿ ಒಂದಿಷ್ಟು ಮಂಕಾಗಿರುತ್ತದೆ. ಓದದೆ ಬಿಟ್ಟ ಭಾಗ ಇಸ್ತ್ರಿ ಮಾಡಿ ಮಡಚಿಟ್ಟ ಅಂಗಿಯ ಹಾಗೆ ಬಿಗಿಯಾಗಿ ಕೂತಿರುತ್ತದೆ. ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಹರಿದ ಪುಸ್ತಕಗಳನ್ನು ಹೊಲಿದವಳಿಗೆ ಇಷ್ಟು ಗೊತ್ತಾಗುವುದು ದೊಡ್ಡ ವಿದ್ಯೆಯೇನಲ್ಲ. ಆದರೆ ಆ ಊರಿನಲ್ಲಿ ಒಬ್ಬ ಮನುಷ್ಯನನ್ನು ನೆಲ ಕಚ್ಚಿಸಲು ಕೊನೆಗೆ ಕೆಲಸಕ್ಕೆ ಬಂದದ್ದು ಅದೇ ವಿದ್ಯೆ.

ಕೋಣೆ ಸಣ್ಣದು. ಸೈಕಲ್ ನಿಲ್ಲಿಸುವ ಜಾಗಕ್ಕೆ ತೆರೆಯುವ ಒಂದು ಕಿಟಕಿ, ಹೊಲಿದ ಪುಸ್ತಕ ಅದುಮಿಡುವ ಕಬ್ಬಿಣದ ಒಂದು ಪ್ರೆಸ್ಸು, ಹಾಳೆ ಕತ್ತರಿಸುವ ಯಂತ್ರ, ಉದ್ದನೆಯ ಮೇಜು. ಮೇಜಿನ ಮೇಲೆ ದಬ್ಬಳ, ಸೂಜಿ, ಮೇಣ ಸವರಿದ ನೂಲು, ರಟ್ಟಿನ ತುಂಡುಗಳು, ಮೈದಾ ಅಂಟಿನ ಡಬ್ಬಿ. ಈ ಕೆಲಸವನ್ನು ಅವಳಿಗೆ ಕಲಿಸಿದವನು ಅವಳ ಸೋದರಮಾವ. ಏಳನೇ ತರಗತಿಗೆ ಶಾಲೆ ಬಿಡಿಸಿದ ದಿನ ಅವನೇ ಅವಳ ಕೈಗೆ ಸೂಜಿ ಕೊಟ್ಟ. ದೊಡ್ಡ ಹಾಳೆಯೊಂದರ ಮೇಲೆ ಹದಿನಾರು ಪುಟ ಅಚ್ಚು ಹಾಕಿ ಮಡಚಿದರೆ ಅದು ಒಂದು ಫಾರಂ. ಇಂಥ ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿದರೆ ಪುಸ್ತಕ. ಮಾವ ಹೇಳುತ್ತಿದ್ದ: "ಫಾರಂ ಮೂರು ಸಲ ಎಣಿಸು ಮಗಾ. ಒಂದು ಸಲ ಕಣ್ಣಿಗೆ, ಒಂದು ಸಲ ಬೆರಳಿಗೆ, ಇನ್ನೊಂದು ಸಲ ಓದೋರಿಗೆ. ಒಂದು ಫಾರಂ ಆಚೀಚೆ ಆದ್ರೆ ಓದೋರು ಬರೆದವನನ್ನ ಬೈತಾರೆ. ಪಾಪ, ತಪ್ಪು ನಮ್ಮದು." ಇಪ್ಪತ್ತಾರು ವರ್ಷದಲ್ಲಿ ಅವಳ ಕೈಯಿಂದ ಒಂದು ಫಾರಂ ಕೂಡ ಆಚೀಚೆ ಆಗಿರಲಿಲ್ಲ.

ಅಂಟು ಒಣಗುವ ಹೊತ್ತಿನಲ್ಲಿ ಅವಳು ಓದುತ್ತಿದ್ದಳು. ಬಿಡಿಸಿಟ್ಟ ಫಾರಂ ಯಾವುದು ಕೈಗೆ ಸಿಕ್ಕಿತೋ ಅದನ್ನೇ. ಹೀಗಾಗಿ ಎಷ್ಟೋ ಕತೆಗಳಲ್ಲಿ ಅವಳಿಗೆ ಮೊದಲು ಸಾವು ಸಿಗುತ್ತಿತ್ತು, ಆಮೇಲೆ ಮದುವೆ, ಕೊನೆಗೆ ಹುಟ್ಟು. ಅವಳಿಗೇನೂ ತೊಂದರೆಯಿರಲಿಲ್ಲ, ಮನಸ್ಸಿನಲ್ಲೇ ಸಾಲಾಗಿ ಹೊಲಿದುಕೊಳ್ಳುತ್ತಿದ್ದಳು. ಮನೆಗೆ ಹೋಗಿ ಜೊತೆಗಿದ್ದ ತಂಗಿಗೆ ಹೇಳುತ್ತಿದ್ದಳು. ತಂಗಿ ಬಸ್ಸಿನ ಕಂಡಕ್ಟರ್. ದಿನವಿಡೀ ಜನರ ಹತ್ತಿರ ಕೂಗಾಡಿ ಬಂದವಳು ಕಾಲು ಚಾಚಿ ಕೂತು, "ಈಗ ಎಷ್ಟು ಜನ ಸತ್ರು ಅಷ್ಟು ಮಾತ್ರ ಹೇಳಕ್ಕ, ಉಳಿದದ್ದು ನಾಳೆ," ಎನ್ನುತ್ತಿದ್ದಳು.

ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಹದಿನೈದು ದಿನಕ್ಕೊಮ್ಮೆ, ಶನಿವಾರ ಸಂಜೆ ನಾಲ್ಕಕ್ಕೆ, ಓದುಗರ ಕೂಟ ಸೇರುತ್ತಿತ್ತು. ಕೂಟದ ಕಟ್ಟಳೆ ಸರಳ. ಓದಿ ಮುಗಿಸಿದ ಪುಸ್ತಕದ ಮಾತು ಅಲ್ಲಿ ಆಡುವಂತಿಲ್ಲ. ಈಗ ಓದುತ್ತಿರುವ ಪುಸ್ತಕವನ್ನು ಕೈಯಲ್ಲಿ ಹಿಡಿದು ಬರಬೇಕು, ಐದು ನಿಮಿಷ ಅದರ ಬಗ್ಗೆ ಹೇಳಬೇಕು. ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವರ ಹೆಸರು, ಪುಸ್ತಕದ ಹೆಸರು, ಅದರ ಮುಂದೆ ತಲುಪಿದ ಪುಟದ ಸಂಖ್ಯೆ ಬರೆಯುತ್ತಾರೆ. ಮುಂದಿನ ಸಲ ಬಂದಾಗ ಹಳೆಯ ಸಂಖ್ಯೆ ಅಳಿಸಿ ಹೊಸದು. ಕೆಲವರಿಗೆ ಎರಡೆರಡು ತಿಂಗಳು ಅದೇ ಪುಟ. ಪೇಟೆ ಬೀದಿಯ ಟೈಲರ್ ಪತ್ತೇದಾರಿ ಕತೆ ಹಿಡಿದುಕೊಂಡು ಬಂದು, "ಕೊಲೆಗಾರ ಯಾರು ಅಂತ ಗೊತ್ತಾಗಿಬಿಟ್ಟಿದೆ, ಅದಕ್ಕೇ ಮುಂದಕ್ಕೆ ಹೋಗೋ ಮನಸ್ಸಾಗ್ತಿಲ್ಲ," ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಪ್ರವಾಸದ ಪುಸ್ತಕ ಓದುತ್ತ, ಲೇಖಕ ಹೋದಲ್ಲೆಲ್ಲ ಏನೇನು ಕಾಯಿಲೆ ಬರಬಹುದು ಎಂದು ಲೆಕ್ಕ ಹಾಕಿ ಹೇಳುತ್ತಿದ್ದರು. ನಗು ಜೋರಾಗಿರುತ್ತಿತ್ತು.

ಕೂಟದ ಯಜಮಾನಿಕೆ ಮಾತ್ರ ಪ್ರೊಫೆಸರರದು. ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಸಾಹಿತ್ಯ ಕಲಿಸಿ ನಿವೃತ್ತರಾದವರು. ಪತ್ರಿಕೆಯೊಂದರಲ್ಲಿ ವಾರಕ್ಕೊಮ್ಮೆ 'ನನ್ನ ಓದು' ಎಂದು ಬರೆಯುತ್ತಿದ್ದರು. ಹಲಗೆಯ ಮೇಲೆ ಅವರ ಹೆಸರು ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ. ಅವರ ಪುಟದ ಸಂಖ್ಯೆ ಹದಿನೈದು ದಿನಕ್ಕೆ ಅರವತ್ತರಂತೆ ಗಡಿಯಾರದ ಮುಳ್ಳಿನ ಹಾಗೆ ಮುಂದೆ ಸಾಗುತ್ತಿತ್ತು. ಬೈಂಡರಕ್ಕನಿಗೆ ಸತ್ಯ ಗೊತ್ತಿತ್ತು. ಅವರು ವಾಪಸು ಕೊಟ್ಟ ಪುಸ್ತಕಗಳಲ್ಲಿ ಮೊದಲ ಎರಡು ಫಾರಂ ಸಡಿಲ, ಕೊನೆಯದೊಂದು ಸಡಿಲ. ನಡುವೆ ಗೋಡೆ ಕಟ್ಟಿದ ಹಾಗೆ ಬಿಗಿ. 'ಓದದಿದ್ದರೆ ಅವರಿಗೇ ನಷ್ಟ, ನಮ್ಮ ಗಂಟೇನು ಹೋಯ್ತು,' ಎಂದು ಅವಳು ಸುಮ್ಮನಿದ್ದಳು. ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ.

ಒಂದು ಶನಿವಾರ ಗ್ರಂಥಪಾಲಕಿ ಮೇಡಂ ಅವಳ ಕೋಣೆಗೆ ಬಂದು, "ನೀವೂ ಬನ್ನಿ ಬೈಂಡರಕ್ಕ. ಇಡೀ ಗ್ರಂಥಾಲಯದಲ್ಲಿ ನಿಮ್ಮಷ್ಟು ಓದಿದವರು ಯಾರಿದ್ದಾರೆ?" ಎಂದು ಕರೆದರು. ಅವಳು ಕೈಯ ಅಂಟು ತೊಳೆದು, ಸೀರೆಯ ನೆರಿಗೆ ಸರಿಪಡಿಸಿಕೊಂಡು ಹೋದಳು. ಕೈಯಲ್ಲಿ ಒಂದು ಹಳೆಯ ಪುಸ್ತಕ. ಮೊದಲ ಹದಿನಾರು ಪುಟ ಕಳೆದುಹೋಗಿ, ಗ್ರಂಥಾಲಯದಿಂದ ರದ್ದಾಗಿ, ರದ್ದಿಗೆ ಹೋಗಬೇಕಿದ್ದದ್ದನ್ನು ಮೇಡಂ ಅವಳಿಗೇ ಕೊಟ್ಟಿದ್ದರು. ಹಲಗೆಯ ಕೊನೆಯಲ್ಲಿ ಟೈಲರ್ ಬರೆದ: ಬೈಂಡರಕ್ಕ, ಪುಟ ನೂರ ಎರಡು. ಸೀಮೆಸುಣ್ಣದ ತನ್ನ ಹೆಸರನ್ನು ಅವಳು ಮೂರು ಸಲ ಓದಿಕೊಂಡಳು. ಶಾಲೆ ಬಿಟ್ಟ ಮೇಲೆ ಯಾವ ಹಲಗೆಯ ಮೇಲೂ ಅವಳನ್ನು ಯಾರೂ ಬರೆದಿರಲಿಲ್ಲ.

ಅವಳು ಎದ್ದು ನಿಂತು ಹೇಳಿದಳು. "ಇದರಲ್ಲಿ ಒಬ್ಬ ದೋಣಿಯವನು. ಹದಿನೇಳನೇ ಪುಟದಲ್ಲಿ ನಾವು ನೋಡೋ ಹೊತ್ತಿಗೆ ಅವನು ದೋಣಿ ಬಿಟ್ಟು ಆಚೆ ದಡದಲ್ಲಿ ಕೂತುಬಿಟ್ಟಿದ್ದಾನೆ, ಈಚೆ ಬರೋದೇ ಇಲ್ಲ. ಯಾಕೆ ಅಂತ ಪುಸ್ತಕದಲ್ಲಿ ಮುಂದೆ ಎಲ್ಲೂ ಹೇಳಿಲ್ಲ. ಮೊದಲ ಫಾರಂನಲ್ಲಿ ಇರಬೇಕು, ಅದು ಇಲ್ಲ. ನಾನೇ ಯೋಚನೆ ಮಾಡಿದೆ. ದೋಣಿ ಹತ್ತಿದವರ ಮುಖ ನೋಡೋ ಅಭ್ಯಾಸ ಅವನಿಗಿಲ್ಲ. ಹುಟ್ಟು ನೋಡ್ತಾನೆ, ನೀರು ನೋಡ್ತಾನೆ, ಅಷ್ಟೇ. ಒಂದು ದಿನ ಮನೆ ಬಿಟ್ಟು ಹೊರಟ ಅವನ ತಂಗೀನ ಅವನೇ ದಾಟಿಸಿರಬೇಕು. ಮುಖ ನೋಡದೇನೇ. ಅದಕ್ಕೇ ಈಗ ಆಚೆ ದಡದಲ್ಲಿ ಕೂತು ಬರೋರ ಮುಖ ಎಲ್ಲ ನೋಡ್ತಾನೆ."

ನರ್ಸಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಆಗ ಪ್ರೊಫೆಸರ್ ಕುರ್ಚಿಗೆ ಒರಗಿ ನಕ್ಕರು.

"ತಲೆಯಿಲ್ಲದ ಪುಸ್ತಕ ಓದೋದಕ್ಕೆ ತಲೆ ಬೇಕಾಗಿಲ್ಲ ಅಂತ ಇವತ್ತು ಗೊತ್ತಾಯ್ತು," ಎಂದರು. ಜನ ನಕ್ಕರು. "ನೋಡಮ್ಮಾ, ಪುಸ್ತಕ ಹೊಲಿಯೋರೆಲ್ಲ ಓದುಗರಾಗೋ ಹಾಗಿದ್ರೆ ಚಪ್ಪಲಿ ಹೊಲಿಯೋರೆಲ್ಲ ದೇಶ ಸುತ್ತಬೇಕಿತ್ತು." ಈ ಸಲ ಇನ್ನೂ ಜೋರಾಗಿ ನಕ್ಕರು. ಟೈಲರ್ ಕೂಡ ನಕ್ಕ. ನಕ್ಕು, ಆಮೇಲೆ ತಲೆ ತಗ್ಗಿಸಿದ. ಪ್ರೊಫೆಸರ್ ಎದ್ದು ಹೋಗಿ, ಡಸ್ಟರು ತೆಗೆದುಕೊಂಡು, ಹಲಗೆಯ ಕೊನೆಯ ಸಾಲನ್ನು ತಾವೇ ಒರೆಸಿದರು. "ಪೂರ್ತಿ ಪುಸ್ತಕ ಓದೋರಿಗೆ ಮಾತ್ರ ಈ ಕೂಟ. ನೀವು ಕುರ್ಚಿ ಹಾಕಿಕೊಡಿ, ಸಾಕು. ಅದೇ ದೊಡ್ಡ ಉಪಕಾರ."

ಅವಳು ಕುರ್ಚಿ ಹಾಕಿಕೊಟ್ಟಳು. ಆ ಸಲ ಮಾತ್ರವಲ್ಲ, ಮುಂದಿನ ಐದು ತಿಂಗಳೂ. ಮೇಡಂ ಬೇಡ ಎಂದರೂ ಕೇಳಲಿಲ್ಲ. ಪ್ರತಿ ಸಲವೂ ಮೊದಲ ಸಾಲಿನ ನಡುವಿನ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ಪ್ರೊಫೆಸರರಿಗೆ ಇಡುತ್ತಿದ್ದಳು. ಒರೆಸುವಾಗ ಹಲ್ಲು ಕಚ್ಚುತ್ತಿದ್ದಳು.

ಇಷ್ಟೇ ಆಗಿದ್ದರೆ ಹೊಟ್ಟೆಯೊಳಗೇ ಇಟ್ಟುಕೊಂಡು ಕಾಲ ಕಳೆಯುತ್ತಿದ್ದಳೋ ಏನೋ. ಅವಳಿಗೆ ಮೇಜಿನ ಮೇಲೆ ಅಂಟು ಚೆಲ್ಲದಿರಲೆಂದು ಹಳೆಯ ಪತ್ರಿಕೆ ಹಾಸುವ ಅಭ್ಯಾಸ. ಒಂದು ಬೆಳಿಗ್ಗೆ ಹಾಗೆ ಹಾಸಿ, ಬ್ರಷ್ಷಿನಿಂದ ಅಂಟು ಎಳೆಯುವಾಗ 'ನನ್ನ ಓದು' ಕಣ್ಣಿಗೆ ಬಿತ್ತು. ದೋಣಿಯವನು. ಮುಖ ನೋಡದ ದೋಣಿಯವನು, ಮನೆ ಬಿಟ್ಟ ತಂಗಿ, ಆಚೆಯ ದಡ. 'ಕಳೆದುಹೋದ ಆರಂಭವನ್ನು ನಾನು ಹೀಗೆ ಊಹಿಸುತ್ತೇನೆ,' ಎಂದು ಬರೆದಿದ್ದರು. ಕೆಳಗೆ ಸಂಪಾದಕರ ಟಿಪ್ಪಣಿ: ಈ ಅಂಕಣಕ್ಕೆ ಓದುಗರಿಂದ ಅಪಾರ ಮೆಚ್ಚುಗೆ ಬರುತ್ತಿದೆ. ಅರ್ಧ ಅಕ್ಷರಗಳ ಮೇಲೆ ಅಂಟು ಹರಡಿತ್ತು. ಉಳಿದರ್ಧ ಅವಳದೇ ಮಾತು, ಪಾಲಿಶ್ ಹಾಕಿದ್ದು.

ಆ ಹಾಳೆಯನ್ನು ಒಣಗಿಸಿ, ಮಡಚಿ, ಮನೆಗೆ ತಂದು ತಂಗಿಯ ಮುಂದೆ ಇಟ್ಟಳು.

ತಂಗಿ ಓದಿ, "ಇದು ನೀನು ನಂಗೆ ಹೇಳಿದ್ದ ಕತೆ ಅಲ್ವೇನೇ ಅಕ್ಕ? ಆ ತಂಗಿ ನಾನೇ ತಾನೇ?" ಎಂದಳು.

"ನೀನೇ."

"ಮತ್ತೆ ಇವನ ಕೈಗೆ ಹೆಂಗೆ ಹೋದೆ ನಾನು?"

"ಟಿಕೆಟ್ ಇಲ್ದೆ ಹತ್ತಿಸಿಕೊಂಡಿದ್ದಾನೆ."

"ಇಳಿಸೋಣ ಬಿಡು," ಎಂದಳು ತಂಗಿ. "ನಮ್ಮ ಬಸ್ಸಲ್ಲಿ ಸುಮ್ನೆ ಇಳಿಸಲ್ಲ. ಎಲ್ಲರ ಮುಂದೆ ಕೇಳ್ತೀವಿ: ಟಿಕೆಟ್ ಎಲ್ಲಿ ತೋರಿಸಿ. ಜೇಬು ತಡಕಾಡ್ತಾರಲ್ಲ, ಆಗ ನೋಡಬೇಕು ಮುಖಾನ."

ಬೈಂಡರಕ್ಕ ಆ ಮಾತನ್ನು ಮರೆಯಲಿಲ್ಲ. ಎಲ್ಲರ ಮುಂದೆ. ಜೇಬು ತಡಕಾಡುವ ಹಾಗೆ. ಪ್ರೊಫೆಸರರನ್ನು ಬಯ್ಯುವುದರಲ್ಲಿ ಅವಳಿಗೆ ರುಚಿಯಿರಲಿಲ್ಲ. ಅವರ ಬಾಯಿಂದಲೇ ಅವರು ಬೀಳಬೇಕು. ತನ್ನ ಸಾಲನ್ನು ಒರೆಸಿದ ಆ ಹಲಗೆಯ ಕೆಳಗೇ ಬೀಳಬೇಕು. ತನ್ನ ಹೆಸರು ಅಲ್ಲಿಗೆ ಮರಳಿ ಬರಬೇಕು. ಅಲ್ಲಿಯ ತನಕ ಮೊದಲ ಸಾಲಿನ ಕುರ್ಚಿ ಒರೆಸುತ್ತಲೇ ಇರುತ್ತೇನೆ ಎಂದುಕೊಂಡಳು.

ಅವಕಾಶ ಅದಾಗೇ ಮೆಟ್ಟಿಲಿಳಿದು ಬಂತು. ಒಂದು ಮಧ್ಯಾಹ್ನ ಪ್ರೊಫೆಸರ್ ಅವಳ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಕಾಲಿಡಲಿಲ್ಲ, ಪ್ಯಾಂಟಿಗೆ ಅಂಟು ತಾಗೀತು ಎಂಬ ಭಯ. ದಪ್ಪನೆಯ ಒಂದು ಹಳೆಯ ಕಾದಂಬರಿಯ ಹೆಸರು ಹೇಳಿ, "ಅದು ನಿಮ್ಮ ಹತ್ತಿರ ಹೊಲಿಯೋಕೆ ಬಂದಿದೆಯಂತೆ. ಬೇಗ ಮುಗಿಸಿಕೊಡಿ. ಕೂಟದಲ್ಲಿ ಮುಂದಿನ ಮೂರು ಸಲ ನಾನು ಅದನ್ನೇ ಓದೋದು," ಎಂದರು.

"ನಾಳೆ ಸಂಜೆಗೆ ಕೊಡ್ತೀನಿ ಸಾರ್," ಎಂದಳು.

"ಪುಟ ಎಲ್ಲ ಸರಿ ಇದೆ ತಾನೆ? ತಲೆಯಿಲ್ಲದ್ದು ಕೊಟ್ಟುಬಿಟ್ಟೀರಿ." ತಮ್ಮ ಮಾತಿಗೆ ತಾವೇ ನಕ್ಕು ಹೋದರು.

ಕಾದಂಬರಿ ಮೇಜಿನ ಮೇಲೆ ಬಿಡಿಸಿಟ್ಟಿತ್ತು. ಇಪ್ಪತ್ತು ಫಾರಂ, ಮುನ್ನೂರ ಇಪ್ಪತ್ತು ಪುಟ. ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕವೂ ಬಿಡಿಸಿಟ್ಟಿತ್ತು: ಜೇನು ಸಾಕುವುದು ಹೇಗೆ ಎಂದು ತಿಳಿಸುವ ಕೈಪಿಡಿ. ಎರಡೂ ಒಂದೇ ಮುದ್ರಣಾಲಯದಲ್ಲಿ ಒಂದೇ ಕಾಲಕ್ಕೆ ಅಚ್ಚಾದವು. ಅದೇ ಅಳತೆ, ಅದೇ ಹಳದಿ ಹಾಳೆ, ಅದೇ ಅಕ್ಷರ. ಪುಟದ ತಲೆಯ ಮೇಲೆ ಪುಸ್ತಕದ ಹೆಸರಿಲ್ಲ, ಕೆಳಗೆ ಸಂಖ್ಯೆ ಮಾತ್ರ. ಅವಳು ಕಾದಂಬರಿಯ ಎಂಟು, ಒಂಬತ್ತು, ಹತ್ತನೇ ಫಾರಂಗಳನ್ನು ಕೈಗೆತ್ತಿಕೊಂಡಳು. ಪುಟ ನೂರ ಹದಿಮೂರರಿಂದ ನೂರ ಅರವತ್ತು. ಆಮೇಲೆ ಜೇನಿನ ಕೈಪಿಡಿಯ ಎಂಟು, ಒಂಬತ್ತು, ಹತ್ತನೆಯದನ್ನು. ಪುಟ ನೂರ ಹದಿಮೂರರಿಂದ ನೂರ ಅರವತ್ತು.

ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಮಾವ ಸತ್ತು ಹನ್ನೊಂದು ವರ್ಷವಾಗಿತ್ತು. ಅವನು ಕೂರುತ್ತಿದ್ದ ಸ್ಟೂಲು ಕಿಟಕಿಯ ಹತ್ತಿರ ಹಾಗೇ ಇತ್ತು. ಅವಳು ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ಆಮೇಲೆ ಜೇನಿನ ಮೂರು ಫಾರಂಗಳನ್ನು ಕಾದಂಬರಿಯ ಹೊಟ್ಟೆಯಲ್ಲಿಟ್ಟು, ಮೂರು ಸಲ ಎಣಿಸಿ, ಹೊಲಿದಳು. ಅಷ್ಟು ಚೆಂದದ ಹೊಲಿಗೆಯನ್ನು ಅವಳು ಯಾವ ಪುಸ್ತಕಕ್ಕೂ ಹಾಕಿರಲಿಲ್ಲ. ಬೆನ್ನಿಗೆ ಕಡುನೀಲಿ ಬಟ್ಟೆ, ಮೂಲೆಗಳಿಗೂ ಅದೇ ಬಟ್ಟೆ. ಅಂಚನ್ನು ಯಂತ್ರಕ್ಕೆ ಕೊಟ್ಟು ಕನ್ನಡಿಯ ಹಾಗೆ ನುಣುಪಾಗಿ ಕತ್ತರಿಸಿದಳು. ಕಾದಂಬರಿಯ ನಿಜವಾದ ಮೂರು ಫಾರಂಗಳನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡಳು. ಕೈಪಿಡಿಯನ್ನು ಹೊಲಿಯದೆ, ದಾರ ಕಟ್ಟಿ ಕಪಾಟಿನಲ್ಲಿಟ್ಟಳು.

ಪ್ರೊಫೆಸರರಿಗೂ ಒಂದು ದಾರಿ ಬಿಟ್ಟಿದ್ದಳು. ಜೇನಿನ ಕೈಪಿಡಿಯ ನೂರ ಮೂವತ್ತೇಳನೇ ಪುಟದಲ್ಲಿ ಪುಟದ ತುಂಬ ಜೇನುಪೆಟ್ಟಿಗೆಯ ಚಿತ್ರವಿತ್ತು. ಕೂತು ಓದುವುದು ಬೇಡ. ಹೆಬ್ಬೆರಳಿನಿಂದ ಹಾಳೆಗಳನ್ನು ಒಮ್ಮೆ ಸರ್ರನೆ ಹಾರಿಸಿದರೂ ಕಣ್ಣಿಗೆ ಬೀಳುವಂಥದ್ದು. ಹಾಗೇನಾದರೂ ಆದರೆ, 'ನನ್ನದೇ ತಪ್ಪು ಸಾರ್,' ಎಂದು ಕಾಲು ಹಿಡಿದು ಸರಿ ಮಾಡಿಕೊಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು.

ಮೊದಲ ಶನಿವಾರ ಪ್ರೊಫೆಸರರ ಮುಂದೆ ಹಲಗೆಯ ಮೇಲೆ ನಲವತ್ತೆಂಟು ಬಿತ್ತು. ಬೈಂಡರಕ್ಕ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಎರಡನೆಯ ಶನಿವಾರ ನೂರ ಹನ್ನೆರಡು. ಮುಂದಿನ ಪುಟವೇ ನೂರ ಹದಿಮೂರು. ಚಹಾದ ಹೊತ್ತಿಗೆ ಪ್ರೊಫೆಸರ್ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ವರಾಂಡಕ್ಕೆ ಹೋದರು. ಅವಳು ಕಪ್ಪುಗಳನ್ನು ಎತ್ತುವ ನೆಪದಲ್ಲಿ ಹತ್ತಿರ ಹೋಗಿ ಅಂಚನ್ನು ನೋಡಿದಳು. ಮೊದಲ ಉಗುರಂಚಿನಷ್ಟು ಮಾತ್ರ ಮಂಕು. ಅಲ್ಲಿಂದಾಚೆ ಹೊಸ ಸುಣ್ಣ ಬಳಿದ ಗೋಡೆಯ ಹಾಗೆ. ಮೂವತ್ತು ಪುಟ ಕೂಡ ದಾಟಿರಲಿಲ್ಲ. ಮನಸ್ಸು ನಿರಾಳವಾಯಿತು. ಆ ಸಂಜೆ ಮನೆಗೆ ಹೋಗುವಾಗ ಹಾಡೊಂದನ್ನು ಗುನುಗಿದಳು. ಐದು ತಿಂಗಳಲ್ಲಿ ಅದೇ ಮೊದಲು.

"ಮೇಡಂಗೆ ಏನು ಹೇಳ್ತೀಯ?" ಎಂದು ತಂಗಿ ಕೇಳಿದಳು. "ಗ್ರಂಥಾಲಯದ ಪುಸ್ತಕ ಕೆಡಿಸಿದ್ದೀಯ. ಕೆಲಸ ಹೋಗುತ್ತೆ."

"ಹೋಗ್ಲಿ."

"ಅಕ್ಕಾ, ನಿಂಗೆ ಆ ಕೋಣೆ ಅಂದ್ರೆ ಪ್ರಾಣ ಕಣೇ."

"ಆ ಹಲಗೆ ಮೇಲೆ ನಾನು ಬರೀ ಹತ್ತು ನಿಮಿಷ ಇದ್ದೆ," ಎಂದಳು ಅಕ್ಕ. "ಅವನು ಒರೆಸಿಬಿಟ್ಟ. ಆಮೇಲೆ ನನ್ನ ಮಾತಿಗೆ ತನ್ನ ಹೆಸರು ಬರೆದುಕೊಂಡ. ಕೋಣೆ ಹೋದ್ರೆ ಹೋಗ್ಲಿ ಬಿಡು."

ಮೂರನೆಯ ಶನಿವಾರ ಎಂದಿಗಿಂತ ಹೆಚ್ಚು ಜನ. ಪ್ರೊಫೆಸರ್ ಮಾತಾಡುತ್ತಾರೆಂದು ಕಾಲೇಜಿನ ಹಳೆಯ ಸಹೋದ್ಯೋಗಿಗಳೂ ಇಬ್ಬರು ಬಂದಿದ್ದರು. ಬೈಂಡರಕ್ಕ ಮೊದಲ ಸಾಲಿನ ಕುರ್ಚಿಯನ್ನು ಎರಡು ಸಲ ಒರೆಸಿದಳು. ಟೈಲರ್ ಸೀಮೆಸುಣ್ಣ ಹಿಡಿದು, "ಎಷ್ಟನೇ ಪುಟ ಸಾರ್?" ಎಂದ. "ನೂರ ಎಪ್ಪತ್ತಾರು," ಎಂದರು ಪ್ರೊಫೆಸರ್. ಅವನು ದಪ್ಪ ಅಕ್ಷರದಲ್ಲಿ ಬರೆದ.

ಪ್ರೊಫೆಸರ್ ಎದ್ದು ನಿಂತು ಪುಸ್ತಕವನ್ನು ಎದೆಗೊತ್ತಿಕೊಂಡರು. "ಈ ಹದಿನೈದು ದಿನದಲ್ಲಿ ನಾನು ಓದಿದ ಭಾಗ, ಅಂದರೆ ಕಾದಂಬರಿಯ ನಡುಭಾಗ, ಅದರ ಹೃದಯ ಅಂತಲೇ ಹೇಳಬೇಕು. ಆ ಅರವತ್ತು ಪುಟ ಓದುವಾಗ ನನ್ನ ಕಣ್ಣು ತುಂಬಿ ಬಂತು. ಕೆಳಗಿಡಲಾಗಲಿಲ್ಲ. ಮತ್ತೆ ಹಿಂದಕ್ಕೆ ಹೋಗಿ ಎರಡನೇ ಸಲ ಓದಿದೆ. ತಾಯಿ ಮಗಳ ಸಂಬಂಧವನ್ನ ಇಷ್ಟು ಸೂಕ್ಷ್ಮವಾಗಿ ಇನ್ನಾರೂ ಬರೆದಿಲ್ಲ." ಇದೇ ಧಾಟಿಯಲ್ಲಿ ಹತ್ತು ನಿಮಿಷ ಹೋಯಿತು. ಐದು ನಿಮಿಷದ ಕಟ್ಟಳೆ ಅವರಿಗಿರಲಿಲ್ಲ. ಮುಗಿಸಿದಾಗ ಚಪ್ಪಾಳೆ ಬಿತ್ತು.

ಬಾಗಿಲ ಹತ್ತಿರದಿಂದ ಬೈಂಡರಕ್ಕ ಕೇಳಿದಳು. "ಸಾರ್, ಆ ಭಾಗದಿಂದ ಒಂದು ನಾಲ್ಕು ಸಾಲು ಓದಿ ಹೇಳ್ತೀರಾ? ನಮಗೂ ಕಣ್ಣು ತುಂಬಲಿ."

ಪ್ರೊಫೆಸರ್ ಹುಬ್ಬೇರಿಸಿದರು. "ಕುರ್ಚಿ ಹಾಕಿ ಆಯ್ತಲ್ಲಮ್ಮ?"

"ಆಯ್ತು ಸಾರ್. ನಾಲ್ಕೇ ಸಾಲು."

"ಓದಿ ಸಾರ್, ಓದಿ," ಎಂದರು ನರ್ಸಮ್ಮ. "ಕೇಳೋಣ." ಹಿಂದಿನ ಸಾಲಿನಿಂದಲೂ ಓದಿ ಓದಿ ಎಂದರು. ಪ್ರೊಫೆಸರರಿಗೆ ಖುಷಿಯೇ ಆಯಿತು. "ಯಾವ ಭಾಗ ಓದಲಿ?" ಎಂದು ಉದಾರವಾಗಿ ಕೇಳಿದರು.

"ನೂರ ಇಪ್ಪತ್ತೊಂಬತ್ತನೇ ಪುಟ," ಎಂದಳು ಅವಳು. "ಮೇಲಿಂದ."

ಪುಸ್ತಕ ಅಲ್ಲಿ ಸುಲಭಕ್ಕೆ ತೆರೆಯಲಿಲ್ಲ. ಎರಡು ಕೈಯಿಂದ ಒತ್ತಿ ಬಿಡಿಸಿದರು. ಬಿಗಿಯಾದ ಬೆನ್ನು ಚಟ್ ಎಂದು ಸದ್ದು ಮಾಡಿತು. ಆ ಸದ್ದನ್ನು ಬೈಂಡರಕ್ಕ ಬದುಕಿರುವ ತನಕ ಮರೆಯಲಾರಳು. ಪ್ರೊಫೆಸರ್ ಗಂಟಲು ಸರಿಪಡಿಸಿಕೊಂಡು, ತರಗತಿಯ ಗಂಭೀರ ದನಿಯಲ್ಲಿ ಶುರು ಮಾಡಿದರು:

"'ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಬಾಗಿಲ ಬಳಿ ಎರಡು ಮೂರು ಸಲ ಹೊಗೆ ಹಾಯಿಸಬೇಕು. ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಹುಳುಗಳು ಜಜ್ಜಿಹೋಗದಂತೆ...'"

ನಿಂತರು. ಮುಂದಿನ ಹಾಳೆ ತಿರುವಿದರು. ಅದರ ಮುಂದಿನದನ್ನು. ಹಿಂದಕ್ಕೆ ಹೋದರು. ಜೇಬು ತಡಕಾಡುವವರ ಹಾಗೆ ಬೆರಳುಗಳು ಹಾಳೆಗಳ ನಡುವೆ ಓಡಾಡಿದವು. ಜೇನುಪೆಟ್ಟಿಗೆಯ ಚಿತ್ರ ತೆರೆದುಕೊಂಡಿತು, ಪುಟದ ತುಂಬ.

"ತಾಯಿ ಎಲ್ಲಿ ಸಾರ್?" ಎಂದ ಟೈಲರ್, ನಿಜವಾಗಿಯೂ ಅರ್ಥವಾಗದೆ. "ಮಗಳು?"

"ಎರಡು ಸಲ ಓದಿದ್ರಂತಲ್ಲ," ಎಂದರು ನರ್ಸಮ್ಮ. "ಕಣ್ಣು ತುಂಬಿದ್ದು ಹೊಗೆಗೆ ಇರಬೇಕು."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಳೆಯ ಸಹೋದ್ಯೋಗಿಗಳಲ್ಲಿ ಒಬ್ಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಬೈಂಡರಕ್ಕ ನಗಲಿಲ್ಲ. ಅವಳು ಪ್ರೊಫೆಸರರ ಮುಖವನ್ನೇ ನೋಡುತ್ತಿದ್ದಳು. ಮೊದಲು ಕಿವಿ ಕೆಂಪಾದವು, ಆಮೇಲೆ ಕುತ್ತಿಗೆ. ಹಸಿದವರು ತಟ್ಟೆ ನೋಡುವ ಹಾಗೆ ನೋಡಿದಳು.

ಆದರೆ ಆ ಮನುಷ್ಯ ಅಷ್ಟು ಸುಲಭಕ್ಕೆ ಮಣಿಯುವವರಲ್ಲ. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. "ನೋಡಿ, ನೋಡಿ ಇವಳ ಕೆಲಸ! ನಾನು ಓದಿದ್ದು ಮನೆಯಲ್ಲಿರೋ ನನ್ನ ಸ್ವಂತ ಪ್ರತಿ. ಇದು ಇವಳು ಹಾಳು ಮಾಡಿರೋ ಪ್ರತಿ. ಅಕ್ಷರ ಬರದವರ ಕೈಗೆ ಪುಸ್ತಕ ಕೊಟ್ಟರೆ ಇದೇ ಆಗೋದು. ಯಾವ ಫಾರಂ ಯಾವ ಪುಸ್ತಕದ್ದು ಅಂತ ಕೂಡ ಗೊತ್ತಿಲ್ಲ ಈ ಹೆಂಗಸಿಗೆ. ಮೇಡಂ, ಇವಳಿಗೆ ಕೆಲಸವೇ ಬರೋದಿಲ್ಲ!"

ನಗು ನಿಂತಿತು. ಎಲ್ಲರೂ ಬೈಂಡರಕ್ಕನ ಕಡೆ ತಿರುಗಿದರು. ಮೇಡಂ ಎದ್ದು ನಿಂತು ಅವಳಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು: ತಪ್ಪಾಯಿತು ಎನ್ನಿ, ಅಷ್ಟು ಸಾಕು. ತಪ್ಪಾಯಿತು ಎಂದರೆ ಕೆಲಸ ಉಳಿಯುತ್ತಿತ್ತು. ತಪ್ಪಾಯಿತು ಎಂದರೆ ಇಪ್ಪತ್ತಾರು ವರ್ಷ ಮೂರು ಮೂರು ಸಲ ಎಣಿಸಿದ್ದು ನೀರುಪಾಲಾಗುತ್ತಿತ್ತು, ಮತ್ತು ಆ ಮನುಷ್ಯ ಮತ್ತೆ ನಡುವಿನ ಕುರ್ಚಿಯಲ್ಲಿ ಕೂರುತ್ತಿದ್ದ.

ಅವಳು ಕುರ್ಚಿಗಳ ನಡುವಿನಿಂದ ಮುಂದೆ ಬಂದು, ಕೈಚೀಲ ಬಿಚ್ಚಿ, ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟಳು.

"ತಪ್ಪಾಗಿಲ್ಲ. ಬೇಕಂತಲೇ ಹಾಕಿದ್ದು. ನಿಜವಾದ ಮೂರು ಫಾರಂ ಇಲ್ಲಿದೆ. ನಾನು ಓದಿದ್ದೀನಿ. ಆ ಭಾಗದಲ್ಲಿ ತಾಯಿ ಇಲ್ಲ ಸಾರ್. ತಾಯಿ ತೊಂಬತ್ತಾರನೇ ಪುಟದಲ್ಲೇ ಸತ್ತುಹೋಗಿದ್ದಾಳೆ. ನಿಮ್ಮ ಮನೆಯಲ್ಲಿರೋ ಪ್ರತಿಯಲ್ಲಿ ಬದುಕಿದ್ರೆ ನಂಗೆ ಗೊತ್ತಿಲ್ಲ."

ನರ್ಸಮ್ಮ ಆಗಲೇ ಗಂಟು ಬಿಚ್ಚಿ ಹಾಳೆ ತಿರುವುತ್ತಿದ್ದರು. ಟೈಲರ್ ಪುಸ್ತಕ ತೆಗೆದುಕೊಂಡು ತೊಂಬತ್ತಾರನೇ ಪುಟ ಬಿಡಿಸಿದ. ಅದೂ ಚಟ್ ಎಂದಿತು. ಓದಿ, "ಹೌದು ಸಾರ್. ತೀರ್ಕೊಂಡಿದ್ದಾರೆ," ಎಂದ, ಮನೆಗೆ ಸುದ್ದಿ ತಂದವನ ದನಿಯಲ್ಲಿ.

ಬೈಂಡರಕ್ಕ ಚೀಲದಿಂದ ಇನ್ನೊಂದು ಕಾಗದ ತೆಗೆದಳು. ಅಂಟಿನ ಕಲೆಯಿದ್ದ ಪತ್ರಿಕೆಯ ಹಾಳೆ. ಅದನ್ನು ನರ್ಸಮ್ಮನ ಕೈಗೆ ಕೊಟ್ಟು, "ದೋಣಿಯವನ ಕತೆ ಯಾರ ಬಾಯಿಂದ ಮೊದಲು ಕೇಳಿದ್ರಿ ಅಂತ ನೀವೇ ಹೇಳಿ ಅಮ್ಮ," ಎಂದಳು. ನರ್ಸಮ್ಮ ಓದಿದರು. ಓದಿ, ಪಕ್ಕದವರಿಗೆ ಕೊಟ್ಟರು. ಹಾಳೆ ಕೈಯಿಂದ ಕೈಗೆ ಹೋಗಿ ಹಿಂದಿನ ಸಾಲು ತಲುಪುವ ಹೊತ್ತಿಗೆ ಪ್ರೊಫೆಸರ್ ಮೆಟ್ಟಿಲಿಳಿಯುತ್ತಿದ್ದರು. ಕೊಡೆ ಅಲ್ಲೇ ಬಿಟ್ಟು ಹೋಗಿದ್ದರು.

ಸೋಮವಾರ ಮೇಡಂ ಅವಳನ್ನು ಕರೆಸಿದರು. ಕಣ್ಣು ಕೆಂಪಾಗಿತ್ತು. "ತಪ್ಪಾಯ್ತು ಅಂದಿದ್ರೆ ನಾನು ಮುಚ್ಚಿಹಾಕ್ತಿದ್ದೆ ಬೈಂಡರಕ್ಕ. ಬೇಕಂತಲೇ ಅಂತ ನಲವತ್ತು ಜನರ ಮುಂದೆ ಹೇಳಿಬಿಟ್ರಿ. ಮೇಲಿನವರಿಗೆ ಆಗಲೇ ಪ್ರೊಫೆಸರರ ಪತ್ರ ಹೋಗಿದೆ. ನಾನೇನು ಮಾಡಲಿ?"

"ನೀವೇನೂ ಮಾಡಬೇಡಿ ಮೇಡಂ. ಆ ಎರಡು ಪುಸ್ತಕ ಸರಿ ಮಾಡಿಕೊಟ್ಟು ಹೋಗ್ತೀನಿ."

ಅವಳು ಎರಡನ್ನೂ ಬಿಡಿಸಿ, ಅವರವರ ಫಾರಂ ಅವರವರಿಗೆ ಕೊಟ್ಟು ಹೊಲಿದಳು. ಮಾವನ ಸ್ಟೂಲನ್ನು ಮತ್ತೆ ಕಿಟಕಿಯ ಕಡೆ ತಿರುಗಿಸಿದಳು. ಬೀಗದ ಕೈ ಮೇಜಿನ ಮೇಲಿಟ್ಟು ಬಂದಳು. ಈಗ ಮನೆಯ ಮುಂದಿನ ಕೋಣೆಯಲ್ಲಿ ಶಾಲೆಗಳ ಹಾಜರಿ ಪುಸ್ತಕ, ಕಚೇರಿಗಳ ದಪ್ಪ ರಿಜಿಸ್ಟರು ಹೊಲಿಯುತ್ತಾಳೆ. ಅವುಗಳಲ್ಲಿ ಓದುವುದಕ್ಕೆ ಏನೂ ಇಲ್ಲ, ಬರೀ ಗೆರೆ. ಅದೊಂದು ಸಂಕಟ ಅವಳಿಗೆ ಇದ್ದೇ ಇದೆ. "ಪಶ್ಚಾತ್ತಾಪ ಏನಾದ್ರೂ ಉಂಟೇನೇ?" ಎಂದು ತಂಗಿ ಒಮ್ಮೆ ಕೇಳಿದ್ದಳು. "ಆ ಕೋಣೆ ನೆನಪಾಗುತ್ತೆ," ಎಂದಳು. "ಆಮೇಲೆ ಅವನ ಕಿವಿ ಕೆಂಪಾದದ್ದು ನೆನಪಾಗುತ್ತೆ. ಸರಿಹೋಗುತ್ತೆ."

ಕೆಲಸ ಕಿತ್ತುಕೊಳ್ಳಬಹುದು, ಕೂಟಕ್ಕೆ ಬರಬೇಡ ಎನ್ನಲು ಯಾರಿಗೂ ಅಧಿಕಾರವಿಲ್ಲ. ಅದು ಓದುವ ಎಲ್ಲರದು. ಮುಂದಿನ ಕೂಟದ ಶನಿವಾರ ಅವಳು ತಲೆಯಿಲ್ಲದ ಪುಸ್ತಕವನ್ನೇ ಹಿಡಿದು ಹೋದಳು. ಈ ಸಲ ಅದಕ್ಕೆ ಮೊದಲ ಫಾರಂ ಇತ್ತು: ಹದಿನಾರು ಪುಟ, ಅವಳದೇ ದುಂಡು ಅಕ್ಷರದಲ್ಲಿ ಬರೆದು ಹೊಲಿದದ್ದು. ದೋಣಿಯವನು, ಮುಖ ನೋಡದ ಅಭ್ಯಾಸ, ತಂಗಿ. "ಎಷ್ಟನೇ ಪುಟ ಅಕ್ಕ?" ಎಂದು ಟೈಲರ್ ಕೇಳಿದ. ಅವಳ ಮುಖ ನೋಡಲು ಅವನಿಗೆ ಇನ್ನೂ ನಾಚಿಕೆ. "ಒಂದು," ಎಂದಳು. ಅವನು ಹಲಗೆಯ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದ. ಆ ಜಾಗ ಖಾಲಿಯಿತ್ತು.

ಪ್ರೊಫೆಸರ್ ನಾಲ್ಕು ತಿಂಗಳು ಬರಲಿಲ್ಲ. 'ನನ್ನ ಓದು' ಕೂಡ ನಿಂತುಹೋಯಿತು. ಆಮೇಲೆ ಒಂದು ಶನಿವಾರ, ಕೂಟ ಶುರುವಾದ ಮೇಲೆ, ಬಂದು ಹಿಂದಿನ ಸಾಲಿನಲ್ಲಿ ಕೂತರು. ಮನೆಯಲ್ಲಿ ಬೇರೆ ಯಾರೂ ಮಾತಿಗೆ ಸಿಗುತ್ತಿರಲಿಲ್ಲವಂತೆ. ನರ್ಸಮ್ಮ, "ಪಾಪ, ಸಾಕು ಬಿಡಿ ಬೈಂಡರಕ್ಕ, ವಯಸ್ಸಾದವರು," ಎಂದು ಪಿಸುಗುಟ್ಟಿದರು. ಬೈಂಡರಕ್ಕ ಬಿಡಲಿಲ್ಲ. ಅವರ ಸರದಿ ಬಂದಾಗ ಎದ್ದು, ಅವರ ಕುರ್ಚಿಯ ತನಕ ನಡೆದು ಹೋದಳು.

"ಈಗ ಏನು ಓದ್ತಿದ್ದೀರಿ ಸಾರ್?"

ಅವರು ಮಡಿಲಲ್ಲಿದ್ದ ಪುಸ್ತಕ ತೋರಿಸಿದರು.

"ಎಷ್ಟನೇ ಪುಟ?"

"ಎಪ್ಪತ್ತನಾಲ್ಕು."

ಅವಳು ಕೈ ಚಾಚಿದಳು. ಒಂದು ಗಳಿಗೆ ಅನುಮಾನಿಸಿ ಅವರು ಕೊಟ್ಟರು. ಅವಳು ಪುಸ್ತಕವನ್ನು ಬೆಳಕಿಗೆ ಹಿಡಿದು ಅಂಚು ನೋಡಿದಳು, ಬೆನ್ನಿನ ಮೇಲೆ ಹೆಬ್ಬೆರಳು ಎಳೆದಳು, ಬೆನ್ನು ಎಲ್ಲಿಯವರೆಗೆ ಸಡಿಲವಾಗಿದೆ ಎಂದು ತಡವಿ ನೋಡಿದಳು. ಓದಿದ್ದರು, ಸುಳ್ಳಲ್ಲ. ಮೊದಲಿನಿಂದ ಸಾಲಾಗಿ, ಒಂದೊಂದೇ ಹಾಳೆ, ಹೇಳಿದ ಪುಟಕ್ಕಿಂತ ಸ್ವಲ್ಪ ಈಚಿನವರೆಗೆ. ಪುಸ್ತಕವನ್ನು ವಾಪಸು ಅವರ ಮಡಿಲಲ್ಲಿಟ್ಟು, ಹಲಗೆಯ ಹತ್ತಿರ ಸೀಮೆಸುಣ್ಣ ಹಿಡಿದು ನಿಂತಿದ್ದ ಟೈಲರ್ ಕಡೆ ತಿರುಗಿದಳು.

"ಅರವತ್ತೆಂಟು ಅಂತ ಬರಿ," ಎಂದಳು.

ಟೈಲರ್ ಪ್ರೊಫೆಸರರ ಕಡೆ ನೋಡಿದ. ಪ್ರೊಫೆಸರ್ ತಲೆ ತಗ್ಗಿಸಿ ಅರವತ್ತೊಂಬತ್ತನೇ ಪುಟ ತೆರೆದರು. ಅವನು ಎಲ್ಲರ ಕೆಳಗೆ, ಕೊನೆಯ ಸಾಲಿನಲ್ಲಿ, ಅರವತ್ತೆಂಟು ಎಂದು ಬರೆದ.